ಮಳೆ ಜೂನ್‌ನಲ್ಲಿ, ಹಣ ಡಿಸೆಂಬರ್‌ನಲ್ಲಿ

ನಮ್ಮ ದೇಶದಲ್ಲಿ ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಮುಂಗಾರು ಜೂನ್‌ನಲ್ಲಿ. ನಡುವೆ ಇರುವುದು ಎರಡೇ ತಿಂಗಳು. ಸರ್ಕಾರದ ಹಣದಲ್ಲಿ ಮಳೆಯ ಮೇಲೆ ಸಂಶೋಧನೆ ಮಾಡುವವರ ಪಾಡೆಲ್ಲ ಆ ಎರಡು ತಿಂಗಳಲ್ಲೇ ಇದೆ ಅಂತ ನನಗೆ ಅರ್ಥವಾಗಿದ್ದು ಸ್ವಂತ ಪ್ರಾಜೆಕ್ಟ್ ಕೈಗೆ ಬಂದ ಮೇಲೆ.

ನಾನು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ನೀರು ಮತ್ತು ಹವಾಮಾನದ ಮೇಲೆ ಕೆಲಸ ಮಾಡುತ್ತೇನೆ. ಕೇಂದ್ರ ಸರ್ಕಾರದ ದೊಡ್ಡ ಹವಾಮಾನ ಸಂಶೋಧನಾ ಕಾರ್ಯಕ್ರಮವೊಂದರ ಅಡಿಯಲ್ಲಿ 2021ರ ಕೊನೆಗೆ ಮೂರು ವರ್ಷದ ಪ್ರಾಜೆಕ್ಟ್ ಮಂಜೂರಾಯಿತು. ಜಾಗ, ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸಿಗುವ, ತುಂಗೆಗೆ ನೀರು ಕೊಡುವ ಸಣ್ಣ ಹಳ್ಳಗಳು. ಮಲೆನಾಡಿನಲ್ಲಿ ಯಾರನ್ನು ಕೇಳಿದರೂ ಒಂದು ಮಾತು ಹೇಳುತ್ತಾರೆ: ಮಳೆ ಮೊದಲಿನ ಹಾಗೆ ಜಿಟಿಜಿಟಿ ಹಿಡಿಯುವುದಿಲ್ಲ, ಒಮ್ಮೆ ಹೊಡೆದರೆ ಹೊಡೆಯಿತು, ಆಮೇಲೆ ವಾರಗಟ್ಟಲೆ ಬಿಸಿಲು. ಅಂಕಿಯಲ್ಲೂ ಇದು ಹೌದೇ? ಆ ಬಿಸಿಲಿನ ದಿನಗಳಲ್ಲಿ ಹಳ್ಳದಲ್ಲಿ ನೀರು ಎಷ್ಟು ದಿನ ಹರಿಯುತ್ತದೆ? ಕಾಡಿನ ಗುಡ್ಡದಿಂದ ಬರುವ ಹಳ್ಳಕ್ಕೂ ಅಕೇಶಿಯಾ ತೋಪಿನಿಂದ ಬರುವ ಹಳ್ಳಕ್ಕೂ ಏನು ವ್ಯತ್ಯಾಸ? ನಾವು ಅಳೆಯಲು ಹೊರಟಿದ್ದು ಇಷ್ಟೇ.

ಇಂಥ ಪ್ರಾಜೆಕ್ಟ್‌ಗಳಿಗೆ ಹಣ ಎಲ್ಲಿಂದ ಬರುತ್ತದೆ ಅಂತ ತುಂಬಾ ಜನರಿಗೆ ಗೊತ್ತಿಲ್ಲ. 2008ರ ಜೂನ್ 30ರಂದು ಕೇಂದ್ರ ಸರ್ಕಾರ ಹವಾಮಾನ ಬದಲಾವಣೆಯ ರಾಷ್ಟ್ರೀಯ ಕ್ರಿಯಾ ಯೋಜನೆ ಪ್ರಕಟಿಸಿತು. ಅದರಲ್ಲಿ ಎಂಟು ಮಿಷನ್‌ಗಳು. ಸೌರಶಕ್ತಿ, ನೀರು, ಕೃಷಿ, ಹಿಮಾಲಯ ಹೀಗೆ. ಒಂದು ಮಿಷನ್ ಪೂರ್ತಿ ತಿಳಿವಳಿಕೆ ಬೆಳೆಸುವುದಕ್ಕೇ ಮೀಸಲು. ಅದನ್ನು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗೆ ಕೊಟ್ಟರು. 2011ರಲ್ಲಿ ಕೃಷಿ ಸಂಶೋಧನಾ ಮಂಡಳಿ ಬೇಸಾಯವನ್ನು ಹವಾಮಾನ ಬದಲಾವಣೆಗೆ ಒಗ್ಗಿಸುವ ‘ನಿಕ್ರಾ’ ಕಾರ್ಯಕ್ರಮ ಶುರು ಮಾಡಿತು. 2012ರಲ್ಲಿ ಮುಂಗಾರಿನ ಮುನ್ಸೂಚನೆ ಸುಧಾರಿಸಲು ಭೂವಿಜ್ಞಾನ ಸಚಿವಾಲಯದ ಮಾನ್ಸೂನ್ ಮಿಷನ್ ಬಂತು. 2024ರಲ್ಲಿ ಹವಾಮಾನದ ಅಳತೆ, ಮುನ್ಸೂಚನೆ ಎರಡಕ್ಕೂ ಮಿಷನ್ ಮೌಸಮ್, ಎರಡು ವರ್ಷಕ್ಕೆ 2000 ಕೋಟಿ ರೂಪಾಯಿ. ಈ ದೊಡ್ಡ ಹೊಳೆಗಳಿಂದ ಕವಲೊಡೆದು, ಕವಲೊಡೆದು, ಕೊನೆಗೆ ನಮ್ಮಂಥವರ ಪ್ರಾಜೆಕ್ಟ್‌ಗೆ ಕೆಲವು ಲಕ್ಷ ಹರಿದು ಬರುತ್ತದೆ.

ಪ್ರಪೋಸಲ್ ಬರೆಯುವಾಗಲೇ ಒಂದು ಒತ್ತಡ ಇರುತ್ತದೆ. ಅರ್ಜಿಯಲ್ಲಿ ‘ನಿರೀಕ್ಷಿತ ಫಲಿತಾಂಶ’ ಅಂತ ಒಂದು ಭಾಗ. ಮೊದಲ ಆರು ತಿಂಗಳಲ್ಲಿ ಏನು, ಒಂದು ವರ್ಷಕ್ಕೆ ಏನು, ಮೂರು ವರ್ಷಕ್ಕೆ ಏನು ಅಂತ ಪಟ್ಟಿ ಕೊಡಬೇಕು. ಎಷ್ಟು ಪೇಪರ್, ಎಷ್ಟು ನಕ್ಷೆ, ಎಷ್ಟು ಫಲಾನುಭವಿಗಳು, ಯಾವ ಇಲಾಖೆ ಇದನ್ನು ಬಳಸುತ್ತದೆ. ಜನರ ತೆರಿಗೆ ಹಣ, ಕೇಳುವುದು ನ್ಯಾಯವೇ. ಆದರೆ ಹಳ್ಳವೊಂದು ಬರಗಾಲದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅಂತ ತಿಳಿಯಲು ಬರಗಾಲ ಬರಬೇಕು. ಅದು ಎಷ್ಟನೇ ತಿಂಗಳಲ್ಲಿ ಬರುತ್ತದೆ ಅಂತ ನಾನು ಹೇಗೆ ಬರೆಯಲಿ?

ತಜ್ಞರ ಸಮಿತಿಯ ಮುಂದೆ ಪ್ರಸೆಂಟೇಶನ್ ಆಗಿದ್ದು ವಿಡಿಯೋ ಕಾಲ್‌ನಲ್ಲಿ. ಕೋವಿಡ್ ಕಾಲ. ಹದಿನೈದು ನಿಮಿಷ ನನಗೆ, ಹತ್ತು ನಿಮಿಷ ಪ್ರಶ್ನೆಗಳಿಗೆ. ಹಿರಿಯರೊಬ್ಬರು ಕೇಳಿದರು: “ಇದೆಲ್ಲ ಸರಿ, ಹೋಬಳಿವಾರು 2050ಕ್ಕೆ ಮಳೆ ಎಷ್ಟಾಗುತ್ತದೆ ಅಂತ ನಕ್ಷೆ ಕೊಡಬಹುದಾ?”

ಇದಕ್ಕೆ ಉತ್ತರ ಹೇಳುವುದು ಕಷ್ಟ. ಯಾಕೆ ಅಂದರೆ, ಬೇಕು ಅಂದರೆ ಅಂಥ ನಕ್ಷೆಯನ್ನು ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ಜಗತ್ತಿನ ಹವಾಮಾನವನ್ನು ಚೌಕ ಚೌಕವಾಗಿ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ಗಳ ಅಂಕಿ ಎಲ್ಲರಿಗೂ ಸಿಗುತ್ತದೆ. ಅದನ್ನು ಇಳಿಸಿ, ಹೋಬಳಿ ಗಡಿಯ ಮೇಲೆ ಹರಡಿ, ಬಣ್ಣ ಹಾಕಿದರೆ ನಕ್ಷೆ ಸಿದ್ಧ. ಆ ಬಣ್ಣದಲ್ಲಿ ಹುರುಳಿದೆಯೇ ಅನ್ನುವುದು ಬೇರೆ ವಿಷಯ. ಜಾಗತಿಕ ಮಾಡೆಲ್‌ನ ಒಂದು ಚೌಕ ಸಾಮಾನ್ಯವಾಗಿ ನೂರು ಕಿ.ಮೀ. ಆಸುಪಾಸು ಇರುತ್ತದೆ. ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ ಮಳೆ. ಅಲ್ಲಿಂದ ನೂರು ಕಿ.ಮೀ. ಒಳಗೇ ಇರುವ ಶಿವಮೊಗ್ಗಕ್ಕೆ ಸಾವಿರ ಮಿ.ಮೀ. ಆಸುಪಾಸು. ಎರಡೂ ಒಂದೇ ಚೌಕದಲ್ಲಿ ಬಂದರೆ ಅದರ ಸರಾಸರಿಯಿಂದ ಯಾರಿಗೆ ಏನು ಉಪಯೋಗ? ಹವಾಮಾನ ಇಲಾಖೆಯ ದಿನದ ಮಳೆಯ ಗ್ರಿಡ್ ಮಾಹಿತಿ ಬಹಳ ಒಳ್ಳೆಯದು, 1901ರಿಂದ ಸಿಗುತ್ತದೆ, ಸಾವಿರಾರು ಮಳೆಮಾಪಕಗಳ ಅಂಕಿಗಳಿಂದ ಕಟ್ಟಿದ್ದು. ಅದರ ಚೌಕವೂ ಸುಮಾರು 25 ಕಿ.ಮೀ. ಘಟ್ಟದಲ್ಲಿ 25 ಕಿ.ಮೀ. ಅಂದರೆ ಬೇರೆಯದೇ ಲೋಕ. ಮಾಡೆಲ್ ಸರಿಯೋ ತಪ್ಪೋ ಅಂತ ತಾಳೆ ನೋಡಬೇಕಾದರೂ ನೆಲದ ಮೇಲೆ ಅಳತೆ ಬೇಕು.

ಇದನ್ನೇ ಹೇಳಿದೆ. “2050ರ ಒಂದು ಸಂಖ್ಯೆ ಕೊಡಲಾರೆ. ಮಳೆ ನಿಂತ ಮೇಲೆ ಯಾವ ಥರದ ಹಳ್ಳ ಎಷ್ಟು ದಿನ ಹರಿಯುತ್ತದೆ ಅಂತ ಕೊಡುತ್ತೇನೆ. ಕುಡಿಯುವ ನೀರಿನ ಯೋಜನೆ ಮಾಡುವವರಿಗೆ ಅದು ನೇರವಾಗಿ ಬೇಕಾದ ಮಾಹಿತಿ” ಅಂದೆ. ಅವರು ತಲೆಯಾಡಿಸಿದರು. ಕೊನೆಗೆ ಬಂದ ಸಭೆಯ ನಡಾವಳಿಯಲ್ಲಿ ಮೂರನೇ ವರ್ಷದ ಫಲಿತಾಂಶ ಅಂತ ‘ಹೋಬಳಿ ಮಟ್ಟದ ಅಪಾಯ ನಕ್ಷೆ’ ಸೇರಿತ್ತು.

ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರ ಸಮಿತಿ ಇಲಾಖೆಗೆ ಉತ್ತರ ಕೊಡಬೇಕು, ಇಲಾಖೆ ಹಣಕಾಸು ಸಚಿವಾಲಯಕ್ಕೆ, ಸಚಿವರು ಸಂಸತ್ತಿಗೆ. ಮೇಲೆ ಮೇಲೆ ಹೋದ ಹಾಗೆ “ಏನು ಸಿಕ್ಕಿತು?” ಅನ್ನುವ ಪ್ರಶ್ನೆ ಚಿಕ್ಕದಾಗುತ್ತಾ ಹೋಗುತ್ತದೆ, ಉತ್ತರವೂ ಚಿಕ್ಕದಿರಬೇಕು. ನಕ್ಷೆ ತೋರಿಸಿದರೆ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ. ಎರಡು ಹಳ್ಳಗಳ ಹರಿವಿನ ರೇಖೆ ತೋರಿಸಿದರೆ ವಿವರಣೆ ಬೇಕು.

ನಡಾವಳಿಯಲ್ಲಿ ಇನ್ನೊಂದು ವಿಷಯ ಇತ್ತು. ಉಪಕರಣಗಳಿಗೆ ಕೇಳಿದ್ದ ಹಣ ಪೂರ್ತಿ ಒಪ್ಪಿಗೆಯಾಗಿತ್ತು. ಆದರೆ ಸಿಬ್ಬಂದಿಯ ಸಾಲಿನಲ್ಲಿ ಕತ್ತರಿ ಬಿದ್ದಿತ್ತು. ಇಬ್ಬರು ಫೀಲ್ಡ್ ಅಸಿಸ್ಟೆಂಟ್ ಕೇಳಿದ್ದೆ, ಒಬ್ಬರು ಸಾಕು ಅಂದಿದ್ದರು. ಓಡಾಟದ ಖರ್ಚೂ ಕಡಿಮೆಯಾಗಿತ್ತು. ಈ ಕ್ಷೇತ್ರದಲ್ಲಿರುವ ಗೆಳೆಯರನ್ನು ಕೇಳಿದಾಗ ಎಲ್ಲರದೂ ಇದೇ ಅನುಭವ. ಯಂತ್ರ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಬಿಲ್ ಇರುತ್ತದೆ, ಪ್ರಾಜೆಕ್ಟ್ ಮುಗಿದ ಮೇಲೂ ಆಸ್ತಿ ಅಂತ ಉಳಿಯುತ್ತದೆ. ಸಂಬಳ ಹಾಗೆ ಉಳಿಯುವುದಿಲ್ಲ.

ಮಂಜೂರಾತಿ ಪತ್ರ ಬಂದ ಮೇಲೆ ಮೊದಲ ಕಂತು ಬರಲು ಡಿಸೆಂಬರ್ ಆಯಿತು. ಮಾರ್ಚ್ 31ರೊಳಗೆ ಅದರಲ್ಲಿ ದೊಡ್ಡ ಪಾಲು ಖರ್ಚು ಮಾಡಿ ತೋರಿಸಬೇಕು. ಉಪಕರಣಗಳನ್ನು ಮೊದಲು ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಹುಡುಕಬೇಕು. ಅಲ್ಲಿ ಸಿಗದಿದ್ದರೆ ಸಿಗುವುದಿಲ್ಲ ಅಂತ ದಾಖಲೆ ತೆಗೆದಿಟ್ಟುಕೊಳ್ಳಬೇಕು. ಆಮೇಲೆ ಟೆಂಡರ್, ತಾಂತ್ರಿಕ ಸಮಿತಿ, ಬೆಲೆ ಸಮಿತಿ. ಹಳ್ಳದ ನೀರಿನ ಮಟ್ಟ ಅಳೆಯುವ ಸೆನ್ಸರ್ ಮಾಡುವವರು ಜಗತ್ತಿನಲ್ಲೇ ಕೆಲವರು. ಅವರ ಇಲ್ಲಿನ ಏಜೆಂಟರು ಇನ್ನೂ ಕಡಿಮೆ. ಕಡಿಮೆ ಬೆಲೆಗೆ ಬಂದವರಿಗೇ ಕೊಡಬೇಕು ಅನ್ನುವ ನಿಯಮದಲ್ಲಿ, ಘಟ್ಟದ ತೇವಕ್ಕೆ ತಡೆಯುವ ಸೆನ್ಸರ್ ಬೇಕು ಅಂತ ಬರೆಸುವುದಕ್ಕೇ ನಾನು ಪುಟಗಟ್ಟಲೆ ಟಿಪ್ಪಣಿ ಬರೆದಿದ್ದೇನೆ.

ಅಷ್ಟರಲ್ಲಿ 2022ರ ಮಾರ್ಚ್‌ನಲ್ಲಿ ಹಣ ಬಿಡುಗಡೆಯ ಪದ್ಧತಿಯೇ ಬದಲಾಯಿತು. ಕೇಂದ್ರದ ಯೋಜನೆಗಳ ಹಣ ಸಂಸ್ಥೆಗಳ ಖಾತೆಯಲ್ಲಿ ಸುಮ್ನೆ ಕೂತಿರಬಾರದು, ಬೇಕಾದಾಗ ಮಾತ್ರ ಎಳೆದುಕೊಳ್ಳಬೇಕು ಅಂತ ಹೊಸ ವ್ಯವಸ್ಥೆ. ಜೀರೋ ಬ್ಯಾಲೆನ್ಸ್ ಖಾತೆ ತೆರೆಯಬೇಕು, ಉಳಿದ ಹಣ ವಾಪಸ್ ಕಟ್ಟಬೇಕು, ಸರ್ಕಾರದ ಹಣದ ಓಡಾಟದ ಲೆಕ್ಕ ಇಡುವ ಪಿಎಫ್‌ಎಂಎಸ್ ಪೋರ್ಟಲ್‌ನಲ್ಲಿ ಮತ್ತೆ ನೋಂದಣಿ ಆಗಬೇಕು. ಉದ್ದೇಶ ಒಳ್ಳೆಯದೇ. ಬೇರೆ ಬೇರೆ ಖಾತೆಗಳಲ್ಲಿ ಸರ್ಕಾರದ ಹಣ ನಿದ್ದೆ ಮಾಡುತ್ತಿರುವಾಗ ಸರ್ಕಾರವೇ ಬಡ್ಡಿಗೆ ಸಾಲ ತರುವುದು ಸರಿಯಲ್ಲ. ಆದರೆ ಬದಲಾವಣೆ ನಡೆದಿದ್ದು ನಾವು ಮಳೆಮಾಪಕ ನೆಡಬೇಕಾದ ತಿಂಗಳುಗಳಲ್ಲಿ. ಜುಲೈ 18ರಿಂದ ಇನ್ನೊಂದು ಹೊಡೆತ ಬಿತ್ತು. ಅಲ್ಲಿಯವರೆಗೆ ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಗಳಿಗೆ ಇದ್ದ ಶೇ. 5ರ ರಿಯಾಯಿತಿ ಜಿಎಸ್‌ಟಿ ದರ ಹೋಯಿತು. ಹೆಚ್ಚಿನ ಉಪಕರಣಗಳಿಗೆ ಶೇ. 18 ಆಯಿತು. ಬಜೆಟ್ ಮಂಜೂರಾಗಿದ್ದು ಹಳೇ ದರದಲ್ಲಿ. ಸರ್ಕಾರದ ಒಂದು ಕೈ ಕೊಟ್ಟ ಹಣವನ್ನು ಇನ್ನೊಂದು ಕೈ ತೆಗೆದುಕೊಂಡಿತು. ನಾವು ಯೋಚಿಸಿದ್ದಕ್ಕಿಂತ ಒಂದು ಹಳ್ಳ ಕಡಿಮೆ ಮಾಡಿಕೊಂಡೆವು.

ಹೀಗೆ ಮೊದಲ ಮುಂಗಾರಿನಲ್ಲಿ ಎಲ್ಲ ಉಪಕರಣ ನೆಲದಲ್ಲಿ ನಿಂತಾಗ ಆಗಸ್ಟ್ ಅರ್ಧ ಕಳೆದಿತ್ತು. ಜೂನ್, ಜುಲೈ ಮಳೆ ಹೋಯಿತು. ಕಾಗದದ ಮೇಲೆ ಮೂರು ವರ್ಷ, ಮೂರು ಮಳೆಗಾಲ. ನಮಗೆ ಸಿಕ್ಕಿದ್ದು ಎರಡು ಮತ್ತು ಚೂರು.

ಕೆಲಸದ ಬಗ್ಗೆ ಹೇಳುತ್ತೇನೆ, ಅದು ನನಗೆ ಈ ಎಲ್ಲದರಲ್ಲೂ ಇಷ್ಟವಾದ ಭಾಗ. ನಾವು ಬಳಸುವ ಮಳೆಮಾಪಕದ ಬಾಯಿ 200 ಮಿ.ಮೀ. ಅಗಲದ ಫನಲ್. ಅದರ ಕೆಳಗೆ ಎರಡು ಪುಟ್ಟ ಬಟ್ಟಲಿನ ತಕ್ಕಡಿ. ಒಂದು ಬಟ್ಟಲು ತುಂಬಿದರೆ ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಒಂದು ಮಗುಚಿಗೆ 0.2 ಮಿ.ಮೀ. ಮಳೆ, ಅಂದರೆ ಸುಮಾರು 6 ಮಿ.ಲೀ. ನೀರು. ದಿನಕ್ಕೆ 200 ಮಿ.ಮೀ. ಸುರಿದರೆ ಸಾವಿರ ಸಲ ಮಗುಚಬೇಕು. ಘಟ್ಟದ ಜೋರು ಮಳೆಯಲ್ಲಿ ಬಟ್ಟಲು ಮಗುಚುತ್ತಿರುವ ಹೊತ್ತಿನಲ್ಲೂ ನೀರು ಬೀಳುತ್ತಲೇ ಇರುತ್ತದೆ, ಆ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಮಳೆ ಜೋರಾದಷ್ಟೂ ಯಂತ್ರ ಕಡಿಮೆ ತೋರಿಸುತ್ತದೆ. ಇದನ್ನು ಸರಿಪಡಿಸಲು ಪಕ್ಕದಲ್ಲಿ ಮಾಮೂಲಿ ಮಳೆಮಾಪಕ ಇಟ್ಟು, ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಕೈಯಿಂದ ಅಳೆಯಬೇಕು. ಫನಲ್‌ನಲ್ಲಿ ಎಲೆ ಬೀಳುತ್ತದೆ. ಪಾಚಿ ಕಟ್ಟುತ್ತದೆ. ಇರುವೆ ಗೂಡು ಮಾಡುತ್ತದೆ. ಇರುವೆ ಹೊಕ್ಕ ಯಂತ್ರ ಹೊರಗೆ ಧಾರಾಕಾರ ಸುರಿಯುತ್ತಿದ್ದರೂ ಒಳಗೆ ಸೊನ್ನೆ ಬರೆಯುತ್ತಿರುತ್ತದೆ. ಡಾಟಾ ಮಾತ್ರ ನೋಡುವವರಿಗೆ ಅದು ಮಳೆ ಇಲ್ಲದ ದಿನ.

ಆದ್ದರಿಂದ ಮನುಷ್ಯ ಬೇಕು. ನಮ್ಮ ಫೀಲ್ಡ್ ಅಸಿಸ್ಟೆಂಟ್ ಅದೇ ಊರಿನ ಹುಡುಗ, ಬಿಎಸ್ಸಿ ಮುಗಿಸಿದ್ದ. ಕಾಲಿಗೆ ಹೊಗೆಸೊಪ್ಪು, ಸುಣ್ಣ ಹಚ್ಚಿಕೊಂಡು ಇಂಬಳಗಳ ನಡುವೆ ಗುಡ್ಡ ಹತ್ತುತ್ತಿದ್ದ. ಹರಿವು ಅಳೆಯಲು ಹಳ್ಳಕ್ಕೆ ಅಡ್ಡ ಕಟ್ಟಿದ್ದ ವೀ ಆಕಾರದ ಕಟ್ಟೆಯ ಹಿಂದೆ ಹೂಳು ತುಂಬಿದರೆ ಗುದ್ದಲಿ ಹಿಡಿದು ತೆಗೆಯುತ್ತಿದ್ದ. ನೀರಿನ ಮಟ್ಟದ ಪಟ್ಟಿಯ ಫೋಟೋ ತೆಗೆದು, ಸಿಗ್ನಲ್ ಸಿಗುವ ತಿರುವಿಗೆ ಬಂದು ವಾಟ್ಸಾಪ್ ಮಾಡುತ್ತಿದ್ದ. ಒಂದು ಸಲ ಅವನೇ ಫೋನ್ ಮಾಡಿ, “ಸರ್, ತೋಪಿನ ಹಳ್ಳದಲ್ಲಿ ಮಳೆ ನಿಂತ ಎರಡೇ ಗಂಟೆಗೆ ನೀರು ಇಳಿದುಹೋಗ್ತಿದೆ, ಕಾಡಿನ ಹಳ್ಳ ಇನ್ನೂ ಹಾಗೇ ಇದೆ, ನೋಡಿ” ಅಂದ. ನಮ್ಮ ಪ್ರಶ್ನೆಯ ಮುಖ್ಯ ಸುಳಿವು ಮೊದಲು ಸಿಕ್ಕಿದ್ದು ಅವನ ಕಣ್ಣಿಗೆ.

ಎರಡನೇ ಕಂತು ಬರಬೇಕಾದರೆ ಮೊದಲ ವರ್ಷದ ಲೆಕ್ಕ ಒಪ್ಪಿಸಬೇಕು. ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ. ಸಂಸ್ಥೆಯ ಲೆಕ್ಕ ವಿಭಾಗ ಖರ್ಚಿನ ಪಟ್ಟಿ ಮಾಡಿ, ಲೆಕ್ಕ ಪರಿಶೋಧಕರಿಂದ ಸಹಿ ಹಾಕಿಸಿ, ಸರ್ಕಾರಿ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲಿ, ಹಣ ಕೊಟ್ಟ ಕೆಲಸಕ್ಕೇ ಖರ್ಚಾಗಿದೆ ಅನ್ನುವ ಯುಟಿಲೈಸೇಶನ್ ಸರ್ಟಿಫಿಕೇಟ್ ಕಳಿಸಬೇಕು. ನಮ್ಮಲ್ಲಿ ಇದನ್ನು ಯುಸಿ ಅಂತಲೇ ಕರೆಯುತ್ತಾರೆ. “ಯುಸಿ ಹೋಯ್ತಾ?” ಅನ್ನುವುದು ಏಪ್ರಿಲ್‌ನಿಂದ ಆಗಸ್ಟ್ ತನಕ ಪ್ರತಿ ಸಂಶೋಧಕನ ಬಾಯಲ್ಲಿರುವ ಮಾತು. ಬಡ್ಡಿ ಬಂದಿದ್ದರೆ ಅದನ್ನು ಸರ್ಕಾರಕ್ಕೆ ವಾಪಸ್ ಕಟ್ಟಿ ರಸೀದಿ ಜೋಡಿಸಬೇಕು. ಜೊತೆಗೆ ಪ್ರಗತಿ ವರದಿ. ಅದನ್ನು ಸಮಿತಿ ನೋಡಬೇಕು. ಸಮಿತಿ ಸೇರಲು ಎಲ್ಲರ ದಿನಾಂಕ ಹೊಂದಬೇಕು. ಆಮೇಲೆ ಇಲಾಖೆಯ ಹಣಕಾಸು ವಿಭಾಗದ ಒಪ್ಪಿಗೆ. ಇದರಲ್ಲಿ ಯಾರೂ ಬೇಕಂತ ತಡ ಮಾಡುವುದಿಲ್ಲ. ಪ್ರತಿ ಮೇಜಿನ ಮೇಲೂ ಎರಡು ವಾರ ಅಂದುಕೊಳ್ಳಿ, ಸಾಕು, ಮಳೆಗಾಲ ಮುಗಿದಿರುತ್ತದೆ.

ಇನ್ನೊಂದು ಎಡವಟ್ಟು. ಪ್ರಾಜೆಕ್ಟ್‌ಗಳಲ್ಲಿ ಕೆಲಸ ಮಾಡುವ ಕಿರಿಯ ಸಂಶೋಧನಾ ಫೆಲೋಗಳ ಸ್ಟೈಪೆಂಡ್ 31,000ದಿಂದ 37,000 ರೂಪಾಯಿಗೆ ಏರಿತು. 2023ರ ಜೂನ್‌ನಲ್ಲಿ ಆದೇಶ, ಜನವರಿಯಿಂದಲೇ ಜಾರಿ. ಆ ಮಕ್ಕಳಿಗೆ ಅದು ಸಿಗಲೇಬೇಕು. ನಾಲ್ಕು ವರ್ಷದಿಂದ ಒಂದು ರೂಪಾಯಿ ಏರಿರಲಿಲ್ಲ, ಬೆಂಗಳೂರಿನ ಬಾಡಿಗೆ ನಿಮಗೆ ಗೊತ್ತೇ ಇದೆ. ಆದರೆ ಹೆಚ್ಚುವರಿ ಹಣ ಬರುವ ತನಕ ಅದು ನಮ್ಮ ಇದ್ದ ಬಜೆಟ್‌ನಿಂದಲೇ ಹೋಗಬೇಕಿತ್ತು. ಖಾತೆ ಬರಿದಾಯಿತು.

2023ರ ಜೂನ್‌ನಿಂದ ಫೀಲ್ಡ್ ಅಸಿಸ್ಟೆಂಟ್‌ಗೆ ಸಂಬಳ ಕೊಡಲು ಹಣ ಇರಲಿಲ್ಲ. ಒಂದಿಷ್ಟು ದಿನ ನಾನು, ನನ್ನ ವಿದ್ಯಾರ್ಥಿನಿ ಕೈಯಿಂದ ಹಾಕಿದೆವು. ಅವನ ಮನೆಯಲ್ಲಿ ಅಪ್ಪನಿಗೆ ಹುಷಾರಿರಲಿಲ್ಲ. ಜುಲೈನಲ್ಲಿ ಮಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋದ. ಹೋಗುವಾಗ ಬೀಗದ ಕೈ, ನೋಟ್‌ಬುಕ್, ಗುದ್ದಲಿ ಎಲ್ಲ ಲೆಕ್ಕ ಮಾಡಿ ಕೊಟ್ಟ. ಅವನು ಮಾಡಿದ್ದು ಸರಿ, ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡಬೇಕಿತ್ತು. ಜುಲೈ ಕೊನೆಗೆ ಕಾಡಿನ ಹಳ್ಳದ ಸೆನ್ಸರ್‌ನ ಬ್ಯಾಟರಿ ನಿಂತಿತು. ಎರಡು ವಾರಕ್ಕೊಮ್ಮೆ ಹೋಗಿ ನೋಡುವವರು ಇದ್ದಿದ್ದರೆ ಅದು ಐದು ನಿಮಿಷದ ಕೆಲಸ. ಓಡಾಟದ ಹಣವೂ ಇಲ್ಲದೆ, ತರಗತಿಗಳ ನಡುವೆ ಬಿಡುವು ಮಾಡಿಕೊಂಡು ನಾವು ಹೋಗಿ ನೋಡುವಷ್ಟರಲ್ಲಿ ಸೆಪ್ಟೆಂಬರ್ ಕೊನೆ.

ಆ ವರ್ಷದ ಆಗಸ್ಟ್ ಎಂಥದ್ದು ಅಂತ ನೆನಪಿದೆಯಾ? ದೇಶದಲ್ಲಿ 1901ರಿಂದ ಲೆಕ್ಕ ಇಟ್ಟ ಆಗಸ್ಟ್‌ಗಳಲ್ಲೇ ಅತಿ ಒಣ ಆಗಸ್ಟ್. ಮಳೆ ವಾಡಿಕೆಗಿಂತ ಸುಮಾರು ಶೇ. 36 ಕಡಿಮೆ. ಕರ್ನಾಟಕದಲ್ಲಿ 223 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು. ನಾವು ಇಡೀ ಪ್ರಾಜೆಕ್ಟ್ ಬರೆದಿದ್ದೇ ಇಂಥ ಒಂದು ತಿಂಗಳಿಗಾಗಿ. ಮಳೆ ಕೈಕೊಟ್ಟಾಗ ಕಾಡಿನ ಹಳ್ಳ ಎಷ್ಟು ದಿನ ತಡೆಯುತ್ತದೆ ಅನ್ನುವ ಪ್ರಶ್ನೆಗೆ ಪ್ರಕೃತಿ ಉತ್ತರ ಹೇಳಿತು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ನಮ್ಮ ಫೈಲ್‌ನಲ್ಲಿ ಆ ದಿನಗಳ ಕಾಲಂ ಖಾಲಿ. ಎರಡನೇ ಕಂತು ಡಿಸೆಂಬರ್‌ನಲ್ಲಿ ಬಂತು.

ಈ ಥರದ ತೂತು ನಮಗೊಬ್ಬರಿಗೇ ಬಿದ್ದಿದ್ದಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿದೆ ಅಂತ ಜಗತ್ತಿಗೆ ತೋರಿಸಿಕೊಟ್ಟಿದ್ದು ಹವಾಯಿಯ ಮೌನಾ ಲೋವಾ ಶಿಖರದ ಅಳತೆ. ಚಾರ್ಲ್ಸ್ ಡೇವಿಡ್ ಕೀಲಿಂಗ್ ಅದನ್ನು ಶುರು ಮಾಡಿದ್ದು 1958ರಲ್ಲಿ. ಆ ಪ್ರಸಿದ್ಧ ರೇಖೆಯನ್ನು ಹತ್ತಿರದಿಂದ ನೋಡಿದರೆ 1964ರ ಮೊದಲ ತಿಂಗಳುಗಳಲ್ಲಿ ಒಂದು ಜಾಗ ಖಾಲಿ ಇದೆ. ಕಾರಣ, ಆಗ ಅನುದಾನ ಕಡಿತವಾಗಿತ್ತು. ನಮ್ಮ ಹತ್ತಿರದಲ್ಲೇ, ಕಾರವಾರದಿಂದ ಉತ್ತರಕ್ಕೆ ಗೋವಾದ ಕಾಬೋ ಡಿ ರಾಮಾದಲ್ಲಿ 1993ರಲ್ಲಿ ಗಾಳಿಯ ಮಾದರಿ ಹಿಡಿಯುವ ಕೆಲಸ ಶುರುವಾಯಿತು. ಅರಬ್ಬಿ ಸಮುದ್ರದ ಗಾಳಿಯೂ, ನೆಲದ ಗಾಳಿಯೂ ಕಾಲಕ್ಕೆ ತಕ್ಕಂತೆ ಬರುವ ಒಳ್ಳೆಯ ಜಾಗ. 2002ಕ್ಕೆ ಆ ಸರಣಿ ನಿಂತು, ಮತ್ತೆ 2009ರಲ್ಲಿ ಶುರುವಾಯಿತು. ನಡುವಿನ ವರ್ಷಗಳ ಗಾಳಿಯನ್ನು ಈಗ ಎಷ್ಟು ಕೋಟಿ ಕೊಟ್ಟರೂ ಹಿಡಿದು ತರಲಾಗದು. ಮಾಡೆಲ್ ತಪ್ಪಾದರೆ ತಿದ್ದಿ ಮತ್ತೆ ಓಡಿಸಬಹುದು. ಕಂಪ್ಯೂಟರ್ ಮುಂದಿನ ವರ್ಷ ಕೊಳ್ಳಬಹುದು. ಅಳೆಯದೆ ಬಿಟ್ಟ ಮಳೆ ಮಾತ್ರ ಹೋದದ್ದು ಹೋದ ಹಾಗೆ.

ಅಮೆರಿಕದಲ್ಲಿ 1990ರಲ್ಲೇ ಕಾನೂನು ಮಾಡಿ ಜಾಗತಿಕ ಬದಲಾವಣೆಯ ಸಂಶೋಧನಾ ಕಾರ್ಯಕ್ರಮ ಕಟ್ಟಿದರು. ನಾಲ್ಕು ವರ್ಷಕ್ಕೊಮ್ಮೆ ರಾಷ್ಟ್ರೀಯ ವರದಿ ಕೊಡಲೇಬೇಕು ಅಂತ ಅದರಲ್ಲಿದೆ. ಹಾಗಿದ್ದರೂ 2025ರ ಏಪ್ರಿಲ್‌ನಲ್ಲಿ ಮುಂದಿನ ವರದಿ ಬರೆಯುತ್ತಿದ್ದ ವಿಜ್ಞಾನಿಗಳನ್ನೆಲ್ಲ ಬಿಡುಗಡೆ ಮಾಡಿ ಕಳಿಸಿದರು. ಅಲ್ಲಿ ಕೆಲಸ ಮಾಡುವ ಗೆಳೆಯನ ಜೊತೆ ಮಾತಾಡಿದಾಗ ಇಬ್ಬರ ಚಿಂತೆಯೂ ಒಂದೇ ಆಗಿತ್ತು: ಶುರು ಮಾಡಿದ ಅಳತೆಯನ್ನು ಯಾರು ಮುಂದುವರಿಸುತ್ತಾರೆ?

ದೊಡ್ಡ ಕಾರ್ಯಕ್ರಮಗಳಿಂದ ಏನೂ ಆಗಿಲ್ಲ ಅಂತ ನಾನು ಹೇಳುತ್ತಿಲ್ಲ. ಆಗಿದೆ, ಬಹಳ ಆಗಿದೆ. 2002ರಲ್ಲಿ, 2009ರಲ್ಲಿ ಮುಂಗಾರು ಕೈಕೊಟ್ಟಾಗ ಅಷ್ಟು ದೊಡ್ಡ ಕೊರತೆ ಬರುತ್ತದೆ ಅಂತ ಮುನ್ಸೂಚನೆ ಹೇಳಿರಲಿಲ್ಲ. ಆಮೇಲೆ ಬಂದ ಮಾನ್ಸೂನ್ ಮಿಷನ್ ಒಂದು ಒಳ್ಳೆಯ ಕೆಲಸ ಮಾಡಿತು. ಅಮೆರಿಕದ ಒಂದು ಮಾಡೆಲ್ ಆರಿಸಿಕೊಂಡು, ನಮ್ಮ ಮಳೆಗೆ ಅದನ್ನು ಪಳಗಿಸಲು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ನೇತೃತ್ವದಲ್ಲಿ ದೇಶದ, ಹೊರದೇಶದ ಗುಂಪುಗಳನ್ನು ವರ್ಷಗಟ್ಟಲೆ ಕೂರಿಸಿತು. 2018ರಲ್ಲಿ ‘ಪ್ರತ್ಯುಷ್’ ಮತ್ತು ‘ಮಿಹಿರ್’ ಸೂಪರ್ ಕಂಪ್ಯೂಟರ್ ಬಂದವು. 2024ರಲ್ಲಿ 850 ಕೋಟಿ ರೂಪಾಯಿಯ ‘ಅರ್ಕ’, ‘ಅರುಣಿಕಾ’. 2025ರ ಮೇನಲ್ಲಿ 6 ಕಿ.ಮೀ. ಚೌಕದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಕೆಲಸ ಶುರು ಮಾಡಿತು. ಮಾನ್ಸೂನ್ ಮಿಷನ್‌ಗೆ, ಸೂಪರ್ ಕಂಪ್ಯೂಟರ್‌ಗಳಿಗೆ ಅಲ್ಲಿಯವರೆಗೆ ಹಾಕಿದ ಒಂದು ರೂಪಾಯಿಗೆ 50 ರೂಪಾಯಿ ಲಾಭ ಅಂತ 2020ರಲ್ಲಿ ದೆಹಲಿಯ ಆರ್ಥಿಕ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ ಅಂದಾಜು ಮಾಡಿತು. ಮುನ್ಸೂಚನೆ ನೋಡಿ ಬಿತ್ತನೆ ಮುಂದೂಡಿದ ರೈತರು, ಸಮುದ್ರಕ್ಕೆ ಇಳಿಯದೆ ಉಳಿದ ಮೀನುಗಾರರು ಅದರ ಲೆಕ್ಕದಲ್ಲಿದ್ದಾರೆ. ಅದೇ ವರ್ಷ ಬಂದ, ಭಾರತದ ವಿಜ್ಞಾನಿಗಳೇ ಬರೆದ ಮೊದಲ ರಾಷ್ಟ್ರೀಯ ಹವಾಮಾನ ವರದಿ ಹೇಳಿತು: 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು ಶೇ. 6 ತಗ್ಗಿದೆ, ಗಂಗಾ ಬಯಲಿನಲ್ಲಿ ಮತ್ತು ಪಶ್ಚಿಮ ಘಟ್ಟದಲ್ಲಿ ಅದು ಎದ್ದು ಕಾಣುತ್ತದೆ.

ಆ ಸಾಲನ್ನು ಬರೆಯಲು ಸಾಧ್ಯವಾಗಿದ್ದು ಹೇಗೆ? 1951ರಿಂದ 2015ರ ತನಕ ಯಾರೋ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ಹತ್ತಿರ ಹೋಗಿದ್ದಕ್ಕೆ. ಕಂಪ್ಯೂಟರ್ ಬೇಕು. ಅದಕ್ಕೆ ಹಣ ಕೊಟ್ಟಿದ್ದು ಸರಿ. ಅದಕ್ಕೆ ಉಣ್ಣಿಸುವ ಅಳತೆಯನ್ನು ಮಾತ್ರ ಮೂರು ಮೂರು ವರ್ಷದ ತುಂಡು ಮಾಡಿ ಕೊಡುತ್ತಿದ್ದೇವೆ. ಮಿಷನ್ ಮೌಸಮ್‌ನಲ್ಲಿ ರಾಡಾರ್‌ಗಳಿಗೆ, ಅಳತೆ ಉಪಕರಣಗಳಿಗೆ ಜಾಗ ಕೊಟ್ಟಿದ್ದಾರೆ, ಅದು ನನಗೆ ಸಂತೋಷ. ಆದರೆ ದೊಡ್ಡ ಯೋಜನೆಗಳೂ ಈ ತಡದಿಂದ ಹೊರತಲ್ಲ. ಭೂವಿಜ್ಞಾನದ ಐದು ಯೋಜನೆಗಳನ್ನು ಒಟ್ಟು ಮಾಡಿದ ‘ಪೃಥ್ವಿ’ಗೆ 4797 ಕೋಟಿ ರೂಪಾಯಿ. ಅವಧಿ 2021ರಿಂದ 2026. ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2024ರ ಜನವರಿಯಲ್ಲಿ.

ನಮ್ಮ ಖಾಲಿ ಕಾಲಂಗೆ ಸ್ವಲ್ಪ ಆಸರೆ ಸಿಕ್ಕಿದ್ದು ಎರಡು ಕಡೆಯಿಂದ. ಒಂದು, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಕರ್ನಾಟಕ ಗ್ರಾಮ ಪಂಚಾಯತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕ ಹಾಕಿರುವುದು ನಿಜಕ್ಕೂ ಹೆಮ್ಮೆಯ ವಿಷಯ, ಹತ್ತಿರದ ಪಂಚಾಯತಿಯ ಮಳೆ ಅಂಕಿ ಸಿಕ್ಕಿತು. ಇನ್ನೊಂದು, ಕೊಪ್ಪದ ಕಡೆಯ ಒಂದು ಕಾಫಿ ತೋಟದ ಮಳೆ ರಿಜಿಸ್ಟರ್. ಕಾಫಿ ಸೀಮೆಯಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಒಂದು ಸೆಂಟ್ ಅಂದರೆ 0.254 ಮಿ.ಮೀ., ನಮ್ಮ ಯಂತ್ರದ ಒಂದು ಮಗುಚಿಗೆ ಹತ್ತಿರ ಹತ್ತಿರ ಸಮ. ತೋಟದ ಯಜಮಾನರ ಅಜ್ಜ ಶುರು ಮಾಡಿದ ಲೆಕ್ಕ. ಕೈಬರಹ ಬದಲಾಗಿದೆ, ಶಾಯಿ ಬದಲಾಗಿದೆ, ಕಾಲಂ ಅದೇ. ಕಾಫಿ ಹೂ ಅರಳಿಸುವ ‘ಹೂ ಮಳೆ’ ಬಂದ ದಿನದ ಪಕ್ಕದಲ್ಲಿ ಗುರುತು. 2023ರ ಆಗಸ್ಟ್‌ನಲ್ಲಿ ದಿನಗಟ್ಟಲೆ ‘0’ ಅಂತ ಬರೆದಿದ್ದರು. ಆ ಸೊನ್ನೆಗಳಿಗೆ ಬೆಲೆ ಇದೆ, ಯಾಕೆಂದರೆ ಯಾರೋ ಹೋಗಿ ನೋಡಿ ಬರೆದ ಸೊನ್ನೆ ಅದು. ಮಳೆ ಹೀಗೆ ಸಿಕ್ಕಿತು. ಹಳ್ಳದ ಹರಿವು ಮಾತ್ರ ಸಿಗಲಿಲ್ಲ.

2024ರ ಮಳೆಗಾಲ ನಾವು ಪೂರ್ತಿ ಅಳೆದೆವು. ಆ ಜುಲೈನಲ್ಲೇ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಘಟ್ಟದಲ್ಲಿ ಎಷ್ಟು ಹೊತ್ತಿಗೆ ಎಷ್ಟು ಮಳೆ ಅನ್ನುವ ಲೆಕ್ಕ ಯಾಕೆ ಬೇಕು ಅಂತ ಆಮೇಲೆ ನನ್ನನ್ನು ಯಾರೂ ಕೇಳಲಿಲ್ಲ.

ಅಂತಿಮ ಪರಿಶೀಲನೆಯಲ್ಲಿ ಹೋಬಳಿ ನಕ್ಷೆ ಕೊಟ್ಟೆ. ಪ್ರತಿ ಹೋಬಳಿಗೆ ಒಂದು ಬಣ್ಣ ಹಾಕದೆ, ಕಡಿಮೆ ಅಂದರೆ ಇಷ್ಟು, ಜಾಸ್ತಿ ಅಂದರೆ ಇಷ್ಟು ಅಂತ ಎರಡು ನಕ್ಷೆ ಮಾಡಿದೆ. ಅಳತೆ ಇಲ್ಲದ ಹೋಬಳಿಗಳನ್ನು ಗೆರೆ ಎಳೆದು ಬಿಟ್ಟೆ. “ಒಂದೇ ನಕ್ಷೆ ಇದ್ದರೆ ಚೆನ್ನಾಗಿತ್ತು” ಅಂದರು ಒಬ್ಬರು. ಇನ್ನೊಬ್ಬರು, ಮೊದಲ ಸಭೆಯಲ್ಲಿ ಹೋಬಳಿ ನಕ್ಷೆ ಕೇಳಿದ್ದ ಅದೇ ಹಿರಿಯರು, ಹರಿವಿನ ರೇಖೆಯ ಸ್ಲೈಡ್‌ಗೆ ವಾಪಸ್ ಹೋಗಲು ಹೇಳಿದರು. ತುಂಬಾ ಹೊತ್ತು ನೋಡಿದರು. “ಈ ಖಾಲಿ ಜಾಗ ಏನು?” ಅಂದರು. ಕಂತು ಬಂದ ತಾರೀಖು, ಬ್ಯಾಟರಿ ನಿಂತ ತಾರೀಖು ಎರಡನ್ನೂ ಹೇಳಿದೆ. ಅದನ್ನು ನಡಾವಳಿಯಲ್ಲಿ ಬರೆಸಿದರು. ಅವರಿಗೆ ನಾನು ಋಣಿ.

ಕೆಲವು ವಿಷಯ ಸುಧಾರಿಸುತ್ತಿದೆ. 2025ರ ಜೂನ್‌ನಲ್ಲಿ ವೈಜ್ಞಾನಿಕ ಸಂಸ್ಥೆಗಳ ಖರೀದಿ ನಿಯಮ ಸಡಿಲವಾಯಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ ಒಂದು ಲಕ್ಷದಿಂದ ಎರಡು ಲಕ್ಷಕ್ಕೆ, ಖರೀದಿ ಸಮಿತಿಯ ಮಿತಿ ಹತ್ತು ಲಕ್ಷದಿಂದ 25 ಲಕ್ಷಕ್ಕೆ ಏರಿತು. ನಮ್ಮಂಥ ಸಣ್ಣ ಪ್ರಾಜೆಕ್ಟ್‌ಗಳಿಗೆ ಇದು ತಿಂಗಳುಗಳನ್ನು ಉಳಿಸುತ್ತದೆ. ಆದರೆ ಖರೀದಿ ಬೇಗ ಆದರೆ ಸಾಲದು. ಮಳೆ ಅಳೆಯುವ ಪ್ರಾಜೆಕ್ಟ್‌ಗಳಿಗೆ ಏಪ್ರಿಲ್ ಒಳಗೆ ಆ ವರ್ಷದ ಹಣ ಸಿಗಬೇಕು, ಯುಸಿ ಬರುವ ತನಕ ಸಂಬಳದ ಪಾಲನ್ನಾದರೂ ತಡೆಹಿಡಿಯಬಾರದು. ಹತ್ತು ವರ್ಷ, ಹದಿನೈದು ವರ್ಷ ನಡೆಯುವ ಕೆಲವು ಅಳತೆ ಕೇಂದ್ರಗಳಿಗೆ ಪ್ರಾಜೆಕ್ಟ್ ಹಂಗಿಲ್ಲದ ಹಣ ಬೇಕು. ಗುಂಡ್ಲುಪೇಟೆ ಹತ್ತಿರದ ಬೇರಂಬಾಡಿ, ಬಂಡೀಪುರದ ಮೂಲೆಹೊಳೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸ್‌ನ ಸಂಶೋಧಕರು ಸೇರಿ ಹಾಗೆ ದೀರ್ಘಕಾಲ ಅಳೆದಿದ್ದರಿಂದಲೇ ಅಂತರ್ಜಲ, ಮಣ್ಣು, ಮಳೆಯ ಸಂಬಂಧ ಅಷ್ಟು ಚೆನ್ನಾಗಿ ತಿಳಿದಿದೆ. ಘಟ್ಟದ ಮೇಲ್ಭಾಗದಲ್ಲೂ ಅಂಥದ್ದು ನಾಲ್ಕಾರು ಇರಬೇಕು, ಅಲ್ವಾ?

ಈಗ ಹೊಸ ಪ್ರಪೋಸಲ್ ಕಳಿಸಿದ್ದೇನೆ. ಅದೇ ಹಳ್ಳಗಳು. ಹೊಸ ಉಪಕರಣ ಏನೂ ಕೇಳಿಲ್ಲ, ಇರುವುದೇ ಸಾಕು. ಕೇಳಿರುವುದು ಇಬ್ಬರು ಫೀಲ್ಡ್ ಅಸಿಸ್ಟೆಂಟ್‌ಗಳ ಸಂಬಳ, ಐದು ವರ್ಷಕ್ಕೆ, ಮತ್ತು ಅವರ ಬೈಕಿನ ಪೆಟ್ರೋಲ್. ಬಜೆಟ್ ಸಮರ್ಥನೆಯ ಪುಟದಲ್ಲಿ 2023ರ ಆಗಸ್ಟ್‌ನ ಗ್ರಾಫ್ ಅಂಟಿಸಿ, ಬೇರೆ ಯಾವ ಸಾಲಿನಲ್ಲಿ ಬೇಕಾದರೂ ಕಡಿತ ಮಾಡಿ, ಈ ಸಾಲನ್ನು ಬಿಡಿ ಅಂತ ಬರೆದಿದ್ದೇನೆ. ಮಂಗಳೂರಿಗೆ ಹೋದ ಹುಡುಗನಿಗೂ ಫೋನ್ ಮಾಡಿದ್ದೆ. ಸಂಬಳ ತಿಂಗಳು ತಿಂಗಳು ಬರುವುದಾದರೆ ವಾಪಸ್ ಬರುತ್ತೇನೆ ಅಂದಿದ್ದಾನೆ.